ಜೀರ್ಣವಸ್ತ್ರವೂ ಜೀರ್ಣೋದ್ಧಾರವೂ: ಕಂಥೆಯಲ್ಲಿ ಮರಣ ಮತ್ತು ಮರುಹುಟ್ಟಿನ ಕಲ್ಪನೆ

೧

ಮರಣವನ್ನು ಬಟ್ಟೆಯ ಬದಲಾವಣೆಗೆ ಹೋಲಿಸುವ ರೂಢಿ ಭಾರತೀಯ ಸಾಹಿತ್ಯದಲ್ಲಿ ಬಹು ಪ್ರಾಚೀನವಾದುದು. ಭಗವದ್ಗೀತೆಯ ಎರಡನೆಯ ಅಧ್ಯಾಯದ ೨೨ನೆಯ ಶ್ಲೋಕದಲ್ಲಿ ಬರುವ ಉಪಮಾನವನ್ನು ಅರಿಯದವರು ವಿರಳ. ಮನುಷ್ಯನು ಹಳೆಯ ಉಡುಪನ್ನು ಕಳಚಿ ಹೊಸದನ್ನು ತೊಡುವ ಹಾಗೆ ದೇಹಿಯು ಸವೆದ ಶರೀರವನ್ನು ಬಿಟ್ಟು ಬೇರೊಂದನ್ನು ಹೊಂದುತ್ತಾನೆಂಬುದು ಅದರ ತಾತ್ಪರ್ಯ. ಈ ಉಪಮಾನದಲ್ಲಿ ದೃಷ್ಟಿಯೆಲ್ಲವೂ ಉಡುವವನ ಮೇಲೆ ನೆಟ್ಟಿದೆ. ಕಳಚಿ ಎಸೆದ ಬಟ್ಟೆಯ ಗತಿ ಏನಾಯಿತೆಂಬ ಪ್ರಶ್ನೆ ಅಲ್ಲಿ ಏಳುವುದಿಲ್ಲ. ಆತ್ಮನ ಅವಿನಾಶವನ್ನು ಸಾಧಿಸಹೊರಟ ಸಂದರ್ಭದಲ್ಲಿ ಅದು ಏಳಬೇಕಾದ ಅಗತ್ಯವೂ ಇಲ್ಲ.

ಆದರೆ ಮನೆಯೊಳಗೆ ಈ ಪ್ರಶ್ನೆ ದಿನದಿನವೂ ಏಳುತ್ತದೆ. ಉಟ್ಟು ಸವೆದ ಸೀರೆಯನ್ನೂ ಧೋತ್ರವನ್ನೂ ಏನು ಮಾಡಬೇಕು? ಇದಕ್ಕೆ ಭಾರತದ ಹೆಂಗಸರು ಸೂಜಿದಾರಗಳಿಂದ ಕೊಟ್ಟ ಉತ್ತರವೇ ಕಂಥೆ. ಹಲವು ಹಳೆಯ ಬಟ್ಟೆಗಳನ್ನು ಪದರಪದರವಾಗಿ ಹಾಸಿ, ಒಂದಾಗಿ ಹೊಲಿದು, ಕೆಲವು ಕಡೆ ಅದರ ಮೇಲೆ ಕಸೂತಿಯಿಂದ ಚಿತ್ರಗಳನ್ನು ಬಿಡಿಸಿ ಹೊಸದೊಂದು ವಸ್ತ್ರವನ್ನಾಗಿ ಮಾಡುವ ಈ ಕಲೆ ಬಂಗಾಳದಲ್ಲಿ ವಿಶೇಷವಾಗಿ ಬೆಳೆದಿದೆ. ಕಂಥೆಯನ್ನು ಕುರಿತು ಬರೆದವರು ಅದರ ಮೇಲಣ ಪದ್ಮ, ವೃಕ್ಷ, ಚಕ್ರ ಮೊದಲಾದ ಚಿತ್ರಗಳ ಅರ್ಥವನ್ನು ಬಹುವಾಗಿ ವಿವೇಚಿಸಿದ್ದಾರೆ. ಚಿತ್ರಗಳು ಮಾತ್ರವೇ ಅಲ್ಲ, ಅವುಗಳನ್ನು ಹೊತ್ತಿರುವ ಬಟ್ಟೆಯೇ ಅಲ್ಲಿ ಮೊದಲನೆಯ ಪ್ರತಿಮೆ ಎಂಬುದನ್ನೂ, ಗೀತೆಯ ಉಪಮಾನದಲ್ಲಿ ಕಾಣದ ಅರ್ಧವನ್ನು ಆ ಪ್ರತಿಮೆ ತುಂಬಿಕೊಡುತ್ತದೆಂಬುದನ್ನೂ ತೋರಿಸುವುದು ಪ್ರಕೃತ ಲೇಖನದ ಉದ್ದೇಶ.

ಮೊದಲು ಶಬ್ದದ ವಿಚಾರ. ‘ಕಂಥಾ’ ಎಂಬುದು ಸಂಸ್ಕೃತದಲ್ಲಿ ತೇಪೆ ಹಾಕಿದ ಹೊದಿಕೆಗೆ, ಅದರಲ್ಲಿಯೂ ವಿರಕ್ತರ ಹೊದಿಕೆಗೆ, ಸಲ್ಲುವ ಮಾತು. ಭರ್ತೃಹರಿಯ ವೈರಾಗ್ಯಶತಕದಲ್ಲಿ ಕೌಪೀನದ ಜೊತೆಯಲ್ಲಿ ಇದರ ಉಲ್ಲೇಖ ಉಂಟು. ಕನ್ನಡದಲ್ಲಿ ‘ಕಂಥೆ’ ಎಂದು ತತ್ಸಮವಾಗಿಯೂ ‘ಕಂತೆ’ ಎಂದು ತದ್ಭವವಾಗಿಯೂ ಇದು ಬಳಕೆಯಲ್ಲಿದೆ. ‘ಕಂತೆಗೆ ತಕ್ಕ ಬೊಂತೆ’ ಎಂಬ ಗಾದೆಯಲ್ಲಿರುವ ‘ಬೊಂತೆ’ಯೂ ಚಿಂದಿಗಳನ್ನು ಕೂಡಿಸಿ ಹೊಲಿದ ಹೊದಿಕೆಯೇ. ವಚನಕಾರ್ತಿಯಾದ ಬೊಂತಾದೇವಿಗೆ ಆ ಹೆಸರು ಬಂದುದು ಶಿವನು ಆಕೆಗೆ ಬೊಂತೆಯನ್ನು ಕೊಟ್ಟುದರಿಂದ ಎಂಬ ಐತಿಹ್ಯವಿದೆ. ಉತ್ತರ ಕರ್ನಾಟಕದ ಮನೆಮನೆಯಲ್ಲಿ ಇದೇ ಜಾತಿಯ ವಸ್ತುವಿಗೆ ಕೌದಿಯೆಂದು ಹೆಸರು. ಆದಕಾರಣ ಇಲ್ಲಿ ವಿಚಾರಕ್ಕೆ ತೆಗೆದುಕೊಂಡ ವಸ್ತು ಬಂಗಾಳದ್ದಾದರೂ ಕನ್ನಡಿಗರಿಗೆ ಅಪರಿಚಿತವಾದುದಲ್ಲ.

೨

ಹರಿದ ಬಟ್ಟೆಗೂ ಮರಣಕ್ಕೂ ಇರುವ ಸಂಬಂಧವನ್ನು ಸ್ಪಷ್ಟವಾಗಿ ಹೇಳುವ ಹಳೆಯ ಆಧಾರಗಳು ಬೌದ್ಧ ವಾಙ್ಮಯದಲ್ಲಿ ದೊರೆಯುತ್ತವೆ. ಭಿಕ್ಷುವಿನ ಜೀವನಕ್ಕೆ ವಿನಯಪಿಟಕದಲ್ಲಿ ಹೇಳಿರುವ ನಾಲ್ಕು ಆಶ್ರಯಗಳಲ್ಲಿ ‘ಪಾಂಸುಕೂಲ’ ಚೀವರ ಒಂದು. ಪಾಂಸುಕೂಲವೆಂದರೆ ಧೂಳಿನ ರಾಶಿಯ, ಎಂದರೆ ತಿಪ್ಪೆಯ ಮೇಲಿನ ಬಟ್ಟೆ. ಕ್ರಿ. ಶ. ಐದನೆಯ ಶತಮಾನದಲ್ಲಿದ್ದ ಬುದ್ಧಘೋಷನು ತನ್ನ ವಿಸುದ್ಧಿಮಗ್ಗದ ಎರಡನೆಯ ಪರಿಚ್ಛೇದದಲ್ಲಿ ಇಂಥ ಬಟ್ಟೆಗಳನ್ನು ೨೩ ಬಗೆಯಾಗಿ ಎಣಿಸಿದ್ದಾನೆ. ಆ ಪಟ್ಟಿಯ ಮೊದಲನೆಯದು ಶ್ಮಶಾನದಲ್ಲಿ ಬಿಟ್ಟ ಬಟ್ಟೆ. ಶವವನ್ನು ಸಾಗಿಸಿ ಹಿಂದಿರುಗಿದವರು ಮಿಂದು ಬಿಸುಟ ಬಟ್ಟೆಯೂ ಅದರಲ್ಲಿದೆ. ಹೆರಿಗೆಯ ಮೈಲಿಗೆಯನ್ನು ಒರಸಿ ಎಸೆದ ಬಟ್ಟೆಯೂ ಅದೇ ಪಟ್ಟಿಯಲ್ಲಿದೆ. ಹುಟ್ಟು ಸಾವುಗಳೆರಡರ ಮೈಲಿಗೆಯನ್ನೂ ಹೊತ್ತು, ಲೋಕವು ಮುಟ್ಟಲು ಹೇಸಿ ಬಿಟ್ಟುದನ್ನು ಭಿಕ್ಷುವು ಎತ್ತಿಕೊಂಡು, ಒಗೆದು, ಕತ್ತರಿಸಿ, ಹೊಲಿದು, ಬಣ್ಣವಿಕ್ಕಿ ಉಡುತ್ತಿದ್ದನು.

ಲಲಿತವಿಸ್ತರದಲ್ಲಿ ಇದಕ್ಕೆ ಬುದ್ಧನ ಜೀವನದಿಂದಲೇ ಒಂದು ನಿದರ್ಶನವನ್ನು ಕೊಟ್ಟಿದೆ. ಬೋಧಿಸತ್ತ್ವನು ಉಗ್ರತಪಸ್ಸನ್ನು ಬಿಟ್ಟು ಆಹಾರವನ್ನು ಸ್ವೀಕರಿಸಲು ನಿಶ್ಚಯಿಸಿದ ಕಾಲಕ್ಕೆ ಅವನು ಉಟ್ಟ ಬಟ್ಟೆ ಪೂರ್ಣವಾಗಿ ಸವೆದುಹೋಗಿತ್ತು. ಸುಜಾತೆಯ ದಾಸಿಯಾದ ರಾಧೆಯೆಂಬವಳು ಸತ್ತು, ಅವಳಿಗೆ ಹೊದಿಸಿದ್ದ ನಾರುಬಟ್ಟೆ ಶ್ಮಶಾನದಲ್ಲಿ ಬಿದ್ದಿತ್ತು. ಬೋಧಿಸತ್ತ್ವನು ಅದನ್ನು ಕೈಯಾರ ಎತ್ತಿಕೊಂಡನೆಂದೂ, ಒಗೆದುಕೊಡುವೆನೆಂದು ಶಕ್ರನು ಬೇಡಿದರೂ ಒಪ್ಪದೆ ತಾನೇ ಒಗೆದನೆಂದೂ ಆ ಗ್ರಂಥ ಹೇಳುತ್ತದೆ. ಇದು ಚರಿತ್ರೆಯೇ ಕಥೆಯೇ ಎಂಬುದು ಅಂತಿರಲಿ. ದಾಸಿಯೊಬ್ಬಳ ಹೆಣದ ಬಟ್ಟೆಯನ್ನುಟ್ಟು ಬೋಧಿಯ ಕಡೆಗೆ ನಡೆದನೆಂದು ಕಥೆಗಾರನು ಹೇಳಿದುದರಲ್ಲಿ ಒಂದು ಸಂಕಲ್ಪ ಕಾಣುತ್ತದೆ. ಒಂದು ಬದುಕು ಮುಗಿದೆಡೆಯಲ್ಲಿ ಬಿದ್ದ ಬಟ್ಟೆಯಿಂದಲೇ ಮತ್ತೊಂದು ಬದುಕು ಆರಂಭವಾಗುತ್ತದೆ.

ಬಟ್ಟೆಯನ್ನು ಹೊಲಿಯುವ ಕ್ರಮಕ್ಕೂ ವಿನಯದಲ್ಲಿ ಒಂದು ಪ್ರತಿಮೆಯನ್ನು ಹೇಳಿದೆ. ಮಹಾವಗ್ಗದ ಎಂಟನೆಯ ಖಂಧಕದ ಪ್ರಕಾರ ಬುದ್ಧನು ಮಗಧದ ಗದ್ದೆಗಳನ್ನು ಕಂಡು, ಅವುಗಳ ಪಟ್ಟಿಗಳು, ಬದುಗಳು, ಬದುಗಳು ಕೂಡುವ ಸಂಧಿಗಳು ಇವುಗಳಂತೆಯೇ ಚೀವರವನ್ನು ರಚಿಸಲಾಗುವುದೇ ಎಂದು ಆನಂದನನ್ನು ಕೇಳಿದನು. ಆನಂದನು ಹಾಗೆಯೇ ತುಂಡುಗಳನ್ನು ಜೋಡಿಸಿ ತೋರಿಸಿ ಗುರುವಿನ ಮೆಚ್ಚುಗೆಯನ್ನು ಪಡೆದನು. ಈ ಕ್ರಮಕ್ಕೆ ಅಲ್ಲಿ ಕೊಟ್ಟಿರುವ ಕಾರಣ ಕೇವಲ ವ್ಯಾವಹಾರಿಕವಾದುದು: ತುಂಡುತುಂಡಾಗಿ ಕತ್ತರಿಸಿದ ಬಟ್ಟೆ ಶ್ರಮಣರಿಗೆ ಒಪ್ಪುತ್ತದೆ, ಅದನ್ನು ಅಪಹರಿಸಲು ಶತ್ರುಗಳು ಆಶೆಪಡುವುದಿಲ್ಲ. ಆದರೂ ಆರಿಸಿಕೊಂಡ ಮಾದರಿ ಗದ್ದೆಯದು ಎಂಬುದನ್ನು ಮರೆಯಲಾಗದು. ಶ್ಮಶಾನದಿಂದ ಬಂದ ಚಿಂದಿ ಪೈರು ಬೆಳೆಯುವ ಹೊಲದ ಆಕಾರವನ್ನು ತಾಳಿತು. ಬೌದ್ಧಧರ್ಮದೊಡನೆ ಈ ಚೀವರವೂ ಪೂರ್ವದೇಶಗಳಿಗೆ ಹೋದಾಗ ಚೀನ ಜಪಾನುಗಳಲ್ಲಿ ಅದಕ್ಕೆ ‘ಪುಣ್ಯಕ್ಷೇತ್ರದ ಉಡುಪು’ ಎಂಬರ್ಥದ ಹೆಸರು ಬಂದಿತು. ಸಂಘವೇ ಪುಣ್ಯದ ಹೊಲವೆಂಬ ಹಳೆಯ ರೂಪಕಕ್ಕೂ ಬಟ್ಟೆಯ ಆಕಾರಕ್ಕೂ ಹೀಗೆ ಗಂಟು ಬಿದ್ದಿತು. ಜಪಾನಿನ ನಾರಾ ನಗರದ ಶೋಸೋಯಿನ್ ಭಂಡಾರದಲ್ಲಿ, ಕ್ರಿ. ಶ. ೭೫೬ರಲ್ಲಿ ತೀರಿಕೊಂಡ ಶೋಮು ಚಕ್ರವರ್ತಿಯ ವಸ್ತುಗಳೊಡನೆ ತೇಪೆಹೊಲಿಗೆಯ ಚೀವರವೂ ಉಳಿದುಬಂದಿದೆ. ಆ ದೇಶದಲ್ಲಿ ಸತ್ತವರ ಉಡುಪನ್ನು ದೇವಾಲಯಕ್ಕೆ ಒಪ್ಪಿಸಿ, ಅದರಿಂದ ಚೀವರಗಳನ್ನೂ ವೇದಿಕೆಯ ಹಾಸುಗಳನ್ನೂ ಹೊಲಿಸುವ ಪದ್ಧತಿಯೂ ಬೆಳೆಯಿತು.

ಮತ್ತೊಂದು ಪ್ರಸಂಗವೂ ಇಲ್ಲಿ ಗಮನಾರ್ಹವಾಗಿದೆ. ಚುಲ್ಲವಗ್ಗದ ಹನ್ನೊಂದನೆಯ ಖಂಧಕದಲ್ಲಿ, ಉದಯನ ರಾಜನ ಅಂತಃಪುರದ ಸ್ತ್ರೀಯರು ಆನಂದನಿಗೆ ೫೦೦ ವಸ್ತ್ರಗಳನ್ನು ಕೊಟ್ಟರೆಂದೂ, ಇಷ್ಟನ್ನು ಏನು ಮಾಡುವಿರೆಂದು ರಾಜನು ಕೇಳಿದನೆಂದೂ ಇದೆ. ಉಡುಪು ಹರಿದ ಭಿಕ್ಷುಗಳಿಗೆ ಹಂಚುವೆವು. ಅವರ ಹಳೆಯ ಉಡುಪು ಮೇಲುಹಾಸಾಗುವುದು. ಹಳೆಯ ಮೇಲುಹಾಸು ಹಾಸಿಗೆಯ ಚೀಲವಾಗುವುದು. ಅದು ಸವೆದರೆ ನೆಲಹಾಸು, ಆಮೇಲೆ ಕಾಲೊರಸು, ಆಮೇಲೆ ಧೂಳೊರಸು. ಕೊನೆಗೆ ಅದನ್ನೂ ಕುಟ್ಟಿ ಮಣ್ಣಿನಲ್ಲಿ ಕಲಸಿ ಗೋಡೆನೆಲಗಳಿಗೆ ಬಳಿಯುವೆವು ಎಂದು ಆನಂದನು ಅನುಕ್ರಮವಾಗಿ ಉತ್ತರಕೊಟ್ಟನು. ಗೀತೆಯ ಉಪಮಾನವು ಕೇಳದೆ ಬಿಟ್ಟ ಪ್ರಶ್ನೆಗೆ ಇದಕ್ಕಿಂತ ಪೂರ್ಣವಾದ ಉತ್ತರ ದೊರೆಯುವುದು ಕಷ್ಟ. ಬಟ್ಟೆಗೆ ಇಲ್ಲಿ ಒಂದು ಸಾವಿಲ್ಲ. ಪ್ರತಿಯೊಂದು ಸಾವೂ ಮುಂದಿನ ಉಪಯೋಗದ ಹುಟ್ಟಾಗಿದೆ.

೩

ಇನ್ನು ಬಂಗಾಳದ ಕಂಥೆಗೆ ಬರಬಹುದು. ಬೌದ್ಧ ಚೀವರದಿಂದ ಬಂಗಾಳದ ಕಂಥೆ ನೇರವಾಗಿ ಇಳಿದುಬಂದಿತೆಂದು ಸಾಧಿಸುವುದು ಇಲ್ಲಿಯ ಗುರಿಯಲ್ಲ. ಹಳೆಯ ಬಟ್ಟೆಯನ್ನು ಹೊಲಿದುಕೊಳ್ಳಲು ಯಾವ ನಾಡಿನ ಗೃಹಿಣಿಗೂ ಮಠದ ಅಪ್ಪಣೆ ಬೇಕಿಲ್ಲ. ಆದರೆ ವಿರಕ್ತನ ಕಂಥೆಯೂ ಮನೆಯ ಕಂಥೆಯೂ ಒಂದೇ ಹೆಸರಿನಿಂದ ಬಂಗಾಳದಲ್ಲಿ ಅಕ್ಕಪಕ್ಕದಲ್ಲಿ ಬಾಳಿದವೆಂಬುದು ನಿಶ್ಚಯ. ಕೃಷ್ಣದಾಸ ಕವಿರಾಜನ ಚೈತನ್ಯಚರಿತಾಮೃತದಲ್ಲಿ ಸನಾತನ ಗೋಸ್ವಾಮಿಯು ಕಾಶಿಯಲ್ಲಿ ತನ್ನ ಬೆಲೆಬಾಳುವ ಕಂಬಳಿಯನ್ನು ಒಬ್ಬ ಬಡವನಿಗೆ ಕೊಟ್ಟು ಅವನ ಹರಕು ಕಂಥೆಯನ್ನು ಪಡೆದುಕೊಂಡ ಕಥೆಯಿದೆ. ಮಂತ್ರಿಪದವಿಯನ್ನು ಬಿಟ್ಟುಬಂದವನು ಹಳೆಯ ಬಾಳಿನ ಕೊನೆಯ ಗುರುತನ್ನೂ ಕಳಚಿ ಹೊಸ ಬಾಳನ್ನು ಹೊದೆಯುವ ಸನ್ನಿವೇಶವದು. ಆದರೆ ಗೀತೆಯ ಉಪಮಾನಕ್ಕೆ ವಿಪರೀತವಾಗಿ, ಅವನು ಬಿಟ್ಟುದು ಹೊಸದನ್ನು, ಹೊದೆದುದು ಹಳೆಯದನ್ನು.

ಮನೆಯ ಕಂಥೆಯ ರಚನೆ ಹೀಗೆ. ಸವೆದು ಮೆತ್ತಗಾದ ಸೀರೆ ಧೋತ್ರಗಳನ್ನು ನೆಲದ ಮೇಲೆ ಸುಕ್ಕಿಲ್ಲದಂತೆ ಒಂದರ ಮೇಲೊಂದಾಗಿ ಹಾಸುತ್ತಾರೆ. ಅಂಚುಗಳನ್ನು ಮಡಿಸಿ ಹೊಲಿದು, ಪದರಗಳು ಸರಿಯದಂತೆ ಉದ್ದುದ್ದನೆಯ ಹೊಲಿಗೆಗಳಿಂದ ಹಿಡಿಸುತ್ತಾರೆ. ಆಮೇಲೆ ಸಣ್ಣ ಓಟದ ಹೊಲಿಗೆಯಿಂದ ಮೇಲ್ಮೈಯನ್ನೆಲ್ಲ ತುಂಬುತ್ತಾರೆ. ಚಿತ್ರಗಳ ಸುತ್ತ ಬಿಳಿಯ ದಾರದ ಹೊಲಿಗೆಗಳು ಸಾಲುಸಾಲಾಗಿ ಹರಿಯುವುದರಿಂದ ಬಟ್ಟೆಯಲ್ಲಿ ನೀರಿನ ತೆರೆಗಳಂತೆ ಕಿರುನಿರಿಗೆಗಳೇಳುತ್ತವೆ. ಉಪಯೋಗಕ್ಕೆ ಅನುಸಾರವಾಗಿ ಹೆಸರುಗಳೂ ಬೇರೆಬೇರೆ: ಚಳಿಗಾಲದ ದಪ್ಪ ಹೊದಿಕೆ ‘ಲೇಪ್’, ಹಾಸುಹೊದಿಕೆಗಳ ‘ಸುಜನಿ’, ಪುಸ್ತಕಗಳನ್ನೂ ಅಮೂಲ್ಯ ವಸ್ತುಗಳನ್ನೂ ಸುತ್ತಿಡುವ ‘ಬೈತನ್’, ಕನ್ನಡಿ ಬಾಚಣಿಗೆಗಳನ್ನು ಸುತ್ತುವ ‘ಆರ್ಶಿಲತಾ’ ಇತ್ಯಾದಿ.

ಬಣ್ಣದ ದಾರ ಬಂದುದು ಎಲ್ಲಿಂದ ಎಂಬುದು ಈ ವಿಚಾರದಲ್ಲಿ ಬಹು ಮುಖ್ಯವಾದ ಅಂಶ. ಹತ್ತೊಂಬತ್ತನೆಯ ಶತಮಾನದ ಕಂಥೆಗಳಲ್ಲಿ ಕೆಂಪು, ನೀಲಿ, ಕಪ್ಪು ಎಳೆಗಳನ್ನು ಹಳೆಯ ಸೀರೆಗಳ ಅಂಚಿನಿಂದಲೇ ಬಿಡಿಸಿಕೊಳ್ಳುವುದು ವಾಡಿಕೆಯಾಗಿತ್ತು. ಸೀರೆಯ ಒಡಲು ಕಂಥೆಯ ನೆಲವಾಯಿತು. ಸೀರೆಯ ಅಂಚು ಕಂಥೆಯ ಚಿತ್ರವಾಯಿತು. ಹೊರಗಿನಿಂದ ಬಂದುದು ಸೂಜಿಯೊಂದೇ ಎಂದರೂ ಸಲ್ಲುತ್ತದೆ. ಸತ್ತ ಬಟ್ಟೆಯೇ ತನ್ನ ಮರುಹುಟ್ಟಿಗೆ ಬೇಕಾದ ಎಳೆಯನ್ನು ತನ್ನೊಳಗಿನಿಂದ ಒದಗಿಸಿಕೊಂಡಿತು. ಉಟ್ಟಾಗ ಸೀರೆಯ ಎಲ್ಲೆಯಾಗಿದ್ದ ಅಂಚು ಈಗ ನಡುವಿನ ಕಮಲವಾಗಿ ಅರಳುತ್ತದೆ.

ಚಿತ್ರಗಳ ವಿನ್ಯಾಸದಲ್ಲಿಯೂ ಒಂದು ಕ್ರಮವುಂಟು. ನಡುವೆ ಬಹುದಳಗಳ ಪದ್ಮ, ನಾಲ್ಕು ಮೂಲೆಗಳಲ್ಲಿ ಕೇಂದ್ರಕ್ಕೆ ಮುಖಮಾಡಿದ ನಾಲ್ಕು ವೃಕ್ಷಗಳು ಅಥವಾ ಬಾಗಿದ ಎಲೆಯ ಆಕಾರದ ‘ಕಲ್ಕಾ’ಗಳು, ನಡುವಣ ಎಡೆಯಲ್ಲಿ ಆನೆ, ಕುದುರೆ, ರಥ, ಪಲ್ಲಕ್ಕಿ, ದೋಣಿ, ಕದಂಬದ ಕೆಳಗೆ ಕೃಷ್ಣ, ಅವುಗಳ ಜೊತೆಯಲ್ಲಿಯೇ ಬಾಚಣಿಗೆ, ಕನ್ನಡಿ, ಅಡಕತ್ತರಿ, ಕಾಡಿಗೆಯ ಪಾತ್ರೆ. ಅಂಚಿನ ವಿನ್ಯಾಸಗಳಲ್ಲೊಂದಕ್ಕೆ ‘ಧಾನೇರ್ ಶೀಷ್’ ಎಂದರೆ ಭತ್ತದ ತೆನೆ ಎಂದು ಹೆಸರು. ಈ ಪದ್ಮಕ್ಕೂ ತೆನೆಗೂ, ವ್ರತದ ದಿನಗಳಲ್ಲಿ ಬಂಗಾಳದ ಹೆಂಗಸರು ನೆಲದ ಮೇಲೆ ಅಕ್ಕಿಹಿಟ್ಟಿನಿಂದ ಬರೆಯುವ ಆಲ್ಪನಾ ಚಿತ್ರಗಳಿಗೂ ಇರುವ ಸಾಮ್ಯ ಸ್ಪಷ್ಟವಾಗಿದೆ. ಕೆಸರಿನಿಂದೇಳುವ ಕಮಲವೂ ಮಣ್ಣಿನಲ್ಲಿ ಬಿದ್ದ ಕಾಳಿನಿಂದೇಳುವ ತೆನೆಯೂ ಹುಟ್ಟಿನ ಪ್ರತಿಮೆಗಳೆಂದು ವಿವರಿಸಬೇಕಾದುದಿಲ್ಲ. ಹೊಸ ರೇಷ್ಮೆಯ ಮೇಲೆ ಬಿಡಿಸಿದ ಕಮಲ ಕೇವಲ ಮಂಗಳಚಿಹ್ನೆಯಾದೀತು. ಸವೆದ ಸೀರೆಯ ಮೇಲೆ, ಅದೇ ಸೀರೆಯ ಎಳೆಯಿಂದ ಬಿಡಿಸಿದ ಕಮಲಕ್ಕೆ ತನ್ನ ಕೆಸರು ತನ್ನ ಕೆಳಗೇ ಇರುತ್ತದೆ.

೪

ಈ ಬಗೆಯ ವ್ಯಾಖ್ಯಾನಕ್ಕೆ ಒಂದು ಆಕ್ಷೇಪ ಸಹಜವಾಗಿ ಬರುತ್ತದೆ. ಚಿಂದಿಯನ್ನು ಹೊಲಿದು ಹೊದೆಯುವುದು ಬಡತನದ ಫಲ. ಚಳಿಗೆ ಮಾಡಿದ ಉಪಾಯಕ್ಕೆ ಮರಣದ ತತ್ತ್ವವನ್ನು ಆರೋಪಿಸುವುದು ವಿದ್ವಾಂಸರ ಚಾಪಲ್ಯ ಎಂಬುದೇ ಆ ಆಕ್ಷೇಪ. ಕಂಥೆಯಲ್ಲಿ ಆಧ್ಯಾತ್ಮಿಕ ಅರ್ಥವನ್ನು ಕಂಡು ಮೊದಲು ವಿಸ್ತಾರವಾಗಿ ಬರೆದವರಲ್ಲಿ ಕಲ್ಕತ್ತಾ ವಿಶ್ವವಿದ್ಯಾನಿಲಯದಲ್ಲಿ ಕಲೆಯ ಇತಿಹಾಸವನ್ನು ಬೋಧಿಸುತ್ತಿದ್ದ ಸ್ಟೆಲ್ಲಾ ಕ್ರಾಮ್ರಿಷ್ ಪ್ರಮುಖರು. ೧೯೩೯ರಲ್ಲಿ ಪ್ರಕಟವಾದ ಅವರ ಪ್ರಬಂಧದಲ್ಲಿಯೂ ಮುಂದಿನ ಬರಹಗಳಲ್ಲಿಯೂ, ಚೂರುಚೂರಾದುದನ್ನು ಕೂಡಿಸಿ ಅಖಂಡತೆಯನ್ನು ಮರಳಿ ಪಡೆಯುವ ಕಾರ್ಯವನ್ನು ಅವರು ಕಂಥೆಯಲ್ಲಿ ಗುರುತಿಸಿದರು. ಆಕ್ಷೇಪ ಮುಖ್ಯವಾಗಿ ತಗಲುವುದು ಇಂಥ ದೃಷ್ಟಿಗೇ.

ಆಕ್ಷೇಪದಲ್ಲಿ ಸತ್ಯಾಂಶವಿಲ್ಲದೆ ಇಲ್ಲ. ಉಳಿತಾಯವಿಲ್ಲದೆ ಕಂಥೆ ಹುಟ್ಟುತ್ತಿರಲಿಲ್ಲ. ಆದರೆ ಉಳಿತಾಯದಿಂದಲೇ ಎಲ್ಲವೂ ವಿವರಿಸಲ್ಪಡುವುದಿಲ್ಲವೆಂಬುದಕ್ಕೆ ಮೂರು ಕಾರಣಗಳನ್ನು ಹೇಳಬಹುದು.

ಮೊದಲನೆಯದು, ಶ್ರಮದ ಪ್ರಮಾಣ. ಪದರಗಳನ್ನು ಒಂದಾಗಿ ಹಿಡಿಸಲು ನಾಲ್ಕಾರು ಸಾಲು ಹೊಲಿಗೆ ಸಾಕು. ಒಳ್ಳೆಯ ಕಂಥೆಯಲ್ಲಿ ಸೂಜಿ ಮುಟ್ಟದ ಬೆರಳಗಲದ ಎಡೆಯೂ ಇರುವುದಿಲ್ಲ. ಬಡತನವನ್ನೇ ಕಾರಣವೆಂದರೆ ಈ ಅಧಿಕ ಶ್ರಮಕ್ಕೆ ಉತ್ತರವಿಲ್ಲ. ಮೇಲಾಗಿ ಇಂಥ ಕೆಲಸ ಉಳ್ಳವರ ಮನೆಗಳಲ್ಲಿಯೂ ನಡೆಯುತ್ತಿತ್ತು.

ಎರಡನೆಯದು, ಉಪಯೋಗದ ಗೌರವ. ಗೃಹ್ಯಕರ್ಮಗಳಲ್ಲಿ ವಿಧಿಸಿರುವುದು ‘ಅಹತ’ ಎಂದರೆ ಇನ್ನೂ ಒಗೆಯದ ಹೊಸ ವಸ್ತ್ರವನ್ನು. ಈ ನಿಯಮದ ದೃಷ್ಟಿಯಲ್ಲಿ ಉಟ್ಟು ಬಿಟ್ಟ ಬಟ್ಟೆ ಕೀಳಾದುದು. ಆದರೂ ಗ್ರಂಥಗಳನ್ನು ಸುತ್ತಲು, ಗೌರವದ ಅತಿಥಿಗೆ ಹಾಸಲು, ಪ್ರೀತಿಪಾತ್ರರಿಗೆ ಉಡುಗೊರೆಯಾಗಿ ಕೊಡಲು ಹಳೆಯ ಬಟ್ಟೆಯ ಕಂಥೆ ಯೋಗ್ಯವೆನಿಸಿತು. ಹೊಲಿಗೆಯಿಂದ ಬಟ್ಟೆಯ ಅಂತಸ್ತೇ ಬದಲಾಯಿತೆಂದು ಜನರು ಭಾವಿಸದೆ ಇದ್ದಿದ್ದರೆ ಇದು ಸಾಧ್ಯವಾಗುತ್ತಿರಲಿಲ್ಲ.

ಮೂರನೆಯದು, ಚಿಂದಿಯ ವಿಷಯದಲ್ಲಿ ಜನಪದದ ನಂಬಿಕೆ. ಉತ್ತರ ಹಿಂದೂಸ್ಥಾನದ ಜನರು ಚಿಂದಿಗಳನ್ನು ಮರಕ್ಕೆ ಕಟ್ಟಿ ಪೂಜಿಸುವ ‘ಚಿಥರಿಯಾ ಭವಾನಿ’ ಎಂಬ ದೇವತೆಯನ್ನು ವಿಲಿಯಮ್ ಕ್ರೂಕ್ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ದಾಖಲಿಸಿದ್ದಾನೆ. ಹೊಸದಾಗಿ ಹುಟ್ಟಿದ ಶಿಶುವನ್ನು ಹಳೆಯ ಬಟ್ಟೆಯಲ್ಲಿ ಸುತ್ತುವುದು ಬಂಗಾಳದಲ್ಲಿ ಮಾತ್ರವಲ್ಲ, ಕರ್ನಾಟಕದಲ್ಲಿಯೂ ಕಾಣುವ ಪದ್ಧತಿ. ಹಳೆಯ ಬಟ್ಟೆ ಎಳೆಯ ಚರ್ಮಕ್ಕೆ ಮೃದು ಎಂಬುದು ಒಂದು ಕಾರಣ. ಅದಕ್ಕೆ ದೃಷ್ಟಿ ತಾಕುವುದಿಲ್ಲ, ಅದರಲ್ಲಿ ಹಿರಿಯರ ರಕ್ಷೆಯುಂಟು ಎಂಬುದು ಮತ್ತೊಂದು. ಕನ್ನಡ ನಾಡಿನ ತಿಪ್ಪಯ್ಯ, ತಿಪ್ಪಮ್ಮ ಎಂಬ ಹೆಸರುಗಳನ್ನೂ ಇಲ್ಲಿ ನೆನೆಯಬಹುದು. ಹುಟ್ಟಿದ ಮಕ್ಕಳು ಉಳಿಯದ ಮನೆಯಲ್ಲಿ ಮುಂದೆ ಹುಟ್ಟಿದ ಶಿಶುವನ್ನು ತಿಪ್ಪೆಯ ಮೇಲಿಟ್ಟು, ಬಿಸುಟ ವಸ್ತುವೆಂಬಂತೆ ಎತ್ತಿಕೊಂಡು ಈ ಹೆಸರನ್ನಿಡುತ್ತಿದ್ದರು. ಬಿಸುಟುದನ್ನು ಮೃತ್ಯು ಬಯಸದು ಎಂಬುದು ಇದರ ಹಿಂದಿನ ನಂಬಿಕೆ. ಪಾಂಸುಕೂಲವೆಂಬ ಶಬ್ದದ ಅರ್ಥವೂ ತಿಪ್ಪೆಯ ಬಟ್ಟೆಯೆಂದು ಹಿಂದೆಯೇ ಹೇಳಿದೆ. ಕಳ್ಳನು ಆಶೆಪಡದಂತೆ ಚೀವರವನ್ನು ಕತ್ತರಿಸಿದ ಭಿಕ್ಷುವೂ, ಮೃತ್ಯು ಆಶೆಪಡದಂತೆ ಮಗುವನ್ನು ತಿಪ್ಪೆಯಲ್ಲಿಟ್ಟ ತಾಯಿಯೂ ನಡೆದ ತರ್ಕ ಒಂದೇ.

ಆದುದರಿಂದ ಉಳಿತಾಯವನ್ನೂ ಅರ್ಥವನ್ನೂ ಪರಸ್ಪರ ವಿರುದ್ಧವೆಂದು ಎಣಿಸುವುದೇ ತಪ್ಪು. ಆನಂದನು ರಾಜನಿಗೆ ಕೊಟ್ಟ ಉತ್ತರವೆಲ್ಲವೂ ಉಳಿತಾಯದ್ದೇ. ಅದೇ ಒಂದು ಧರ್ಮೋಪದೇಶವೂ ಆಗಿದೆ.

೫

ಕಂಥೆಯನ್ನು ಹೊಲಿದವರು ಬಹುಮಟ್ಟಿಗೆ ಅನಾಮಧೇಯರು. ಹೆಸರು ಉಳಿದ ಕೆಲವರಲ್ಲಿ ಖುಲನಾ ಪ್ರಾಂತದ ಮಾನದಾಸುಂದರಿ ದಾಸಿ ಪ್ರಸಿದ್ಧಳು. ಹತ್ತೊಂಬತ್ತನೆಯ ಶತಮಾನದ ಆಕೆಯ ಕಂಥೆಯಲ್ಲಿ ತನ್ನ ಹೆಸರನ್ನೂ, ತಂದೆಗಾಗಿ ಇದನ್ನು ಹೊಲಿದೆನೆಂಬ ಮಾತನ್ನೂ ಸೂಜಿಯಿಂದಲೇ ಬರೆದಿದ್ದಾಳೆ. ಐ. ಸಿ. ಎಸ್. ಅಧಿಕಾರಿಯಾಗಿದ್ದ ಗುರುಸದಯ ದತ್ತರು (೧೮೮೨–೧೯೪೧) ಬಂಗಾಳದ ಹಳ್ಳಿಗಳಲ್ಲಿ ಸಂಚರಿಸಿ ಕೂಡಿಸಿದ ಜನಪದ ಕಲಾವಸ್ತುಗಳಲ್ಲಿ ಇದೂ ಒಂದು. ಮದುವೆಯಾಗಿ ತವರನ್ನು ಬಿಟ್ಟವಳಿಗೆ ಹಳೆಯ ಬಾಳು ಮುಗಿದು ಹೊಸ ಬಾಳು ಮೊದಲಾಗುತ್ತದೆ. ಹೆಣ್ಣುಮಗಳೊಬ್ಬಳು ತಂದೆಗಾಗಿ ಕಂಥೆಯನ್ನು ಹೊಲಿಯುವುದೆಂದರೆ ಕಡಿದ ಎಳೆಯನ್ನು ಮತ್ತೆ ಪೋಣಿಸುವುದೇ ಆಗಿದೆ.

ಕಂಥೆಗೂ ಮರಣಕ್ಕೂ ಇರುವ ಸಂಬಂಧವನ್ನು ಸಾಹಿತ್ಯದಲ್ಲಿ ಶಾಶ್ವತಗೊಳಿಸಿದವರು ಕವಿ ಜಸೀಮುದ್ದೀನರು (೧೯೦೩–೧೯೭೬). ೧೯೨೯ರಲ್ಲಿ ಪ್ರಕಟವಾದ ಅವರ ‘ನಕ್ಷೀ ಕಾಂಥಾರ್ ಮಾಠ್’ ಎಂಬ ಕಥನಕಾವ್ಯದ ಹೆಸರಿಗೆ ‘ಚಿತ್ತಾರದ ಕಂಥೆಯ ಹೊಲ’ ಎಂದು ಅರ್ಥ. ಇ. ಎಂ. ಮಿಲ್ಫರ್ಡ್ ಅವರ ಇಂಗ್ಲಿಷ್ ಅನುವಾದ ೧೯೩೯ರಲ್ಲಿ ಹೊರಬಂದಿತು. ಅದರ ಕಥೆ ಸರಳವಾದುದು. ರೂಪಾಇ ಎಂಬ ರೈತ ಯುವಕನೂ ಪಕ್ಕದೂರಿನ ಸಾಜು ಎಂಬ ಹುಡುಗಿಯೂ ಒಲಿದು ಮದುವೆಯಾಗುತ್ತಾರೆ. ಭತ್ತದ ಪೈರಿನ ವಿಷಯವಾಗಿ ನಡೆದ ಹೊಡೆದಾಟದ ಫಲವಾಗಿ ರೂಪಾಇ ಊರು ಬಿಟ್ಟು ಓಡಿಹೋಗಬೇಕಾಗುತ್ತದೆ. ಕಾದು ಕಾದು ಸೋತ ಸಾಜು ತಮ್ಮಿಬ್ಬರ ಬಾಳಿನ ಕಥೆಯನ್ನೇ ಕಂಥೆಯ ಮೇಲೆ ಬಿಡಿಸುತ್ತಾಳೆ. ತಾನು ಸತ್ತ ಮೇಲೆ ಅದನ್ನು ತನ್ನ ಗೋರಿಯ ಮೇಲೆ ಹೊದಿಸಬೇಕೆಂದು ತಾಯಿಯನ್ನು ಕೇಳಿಕೊಂಡು ಪ್ರಾಣಬಿಡುತ್ತಾಳೆ. ಬಹುಕಾಲದ ಮೇಲೆ ಒಂದು ಬೆಳಗ್ಗೆ ಊರವರು ಆ ಗೋರಿಯ ಬಳಿ, ಅದೇ ಕಂಥೆಯನ್ನು ಮೈಗೆ ಸುತ್ತಿಕೊಂಡು ಸತ್ತುಬಿದ್ದಿರುವವನೊಬ್ಬನನ್ನು ಕಾಣುತ್ತಾರೆ.

ಈ ಕಾವ್ಯದಲ್ಲಿ ಕಂಥೆ ಮೂರು ಕೆಲಸಗಳನ್ನು ಮಾಡುತ್ತದೆ. ಅಕ್ಷರ ಬಾರದ ಹೆಣ್ಣಿಗೆ ಅದು ಪುಸ್ತಕ; ಸತ್ತವಳಿಗೆ ಗೋರಿಯ ಹೊದಿಕೆ; ಬದುಕಿನಲ್ಲಿ ಅಗಲಿದವರು ಮರಳಿ ಕೂಡುವುದಕ್ಕೆ ಅದೇ ಎಡೆ. ಕವಿಯು ಇಲ್ಲಿ ಪುನರ್ಜನ್ಮವನ್ನು ಹೇಳಿಲ್ಲ. ಮುಸಲ್ಮಾನ ರೈತರ ಈ ಕಥೆಯಲ್ಲಿ ಅದಕ್ಕೆ ಎಡೆಯೂ ಇಲ್ಲ. ಮರುಹುಟ್ಟನ್ನು ಪಡೆದುದು ಕಥೆ. ಊರಿನ ಹೊಲಕ್ಕೇ ಕಂಥೆಯ ಹೆಸರು ಬಂದು, ಸತ್ತವರ ಬಾಳು ನೆಲದ ಹೆಸರಾಗಿ ಉಳಿಯಿತು. ಮಗಧದಲ್ಲಿ ಹೊಲವನ್ನು ನೋಡಿ ಬಟ್ಟೆಯನ್ನು ರಚಿಸಿದರು. ಇಲ್ಲಿ ಬಟ್ಟೆಯಿಂದ ಹೊಲಕ್ಕೆ ಹೆಸರಾಯಿತು. ಹಿಂದೂಗಳ ಪದ್ಮವನ್ನೂ ಮುಸಲ್ಮಾನರ ಗೋರಿಯನ್ನೂ ಒಂದೇ ಹೊಲಿಗೆ ಸೇವಿಸಿದುದು, ಕಂಥೆಯ ಅರ್ಥ ಯಾವುದೊಂದು ಮತದ ಸಿದ್ಧಾಂತಕ್ಕೂ ಅಂಟಿಕೊಂಡಿಲ್ಲವೆಂಬುದಕ್ಕೆ ಸಾಕ್ಷಿಯಾಗಿದೆ.

೬

ಕರ್ನಾಟಕದ ಕೌದಿಯಲ್ಲಿ ಬಂಗಾಳದಂತೆ ಕಥೆ ಹೇಳುವ ಚಿತ್ರಗಳಿಲ್ಲ. ಬಣ್ಣಬಣ್ಣದ ಹಳೆಯ ಬಟ್ಟೆಯ ತುಂಡುಗಳ ಜೋಡಣೆಯೂ ಅಂಚಿನಿಂದ ಒಳಕ್ಕೆ ಸಾಗುವ ಉದ್ದ ಹೊಲಿಗೆಯ ಸಾಲುಗಳೂ ಅದರ ಅಲಂಕಾರ. ಆದರೆ ಇಲ್ಲಿಯೂ ಮೂಲಕಲ್ಪನೆ ಅದೇ. ಅಜ್ಜಿಯ ಸೀರೆ, ಅಜ್ಜನ ಧೋತ್ರ, ಮಗುವಿನ ಅಂಗಿ ಒಂದೇ ಹೊದಿ��ೆಯಲ್ಲಿ ಅಕ್ಕಪಕ್ಕದಲ್ಲಿ ಕೂಡುತ್ತವೆ. ಉಟ್ಟವರಲ್ಲಿ ಕೆಲವರು ಇಲ್ಲವಾದ ಮೇಲೂ ಅವರ ಬಟ್ಟೆ ಮನೆಯವರನ್ನು ಬೆಚ್ಚಗಿಡುತ್ತದೆ. ಉತ್ತರ ಕನ್ನಡ ಜಿಲ್ಲೆಯ ಸಿದ್ದಿ ಜನಾಂಗದ ಹೆಂಗಸರು ಹೊಲಿಯುವ ‘ಕವಂದಿ’ಗಳನ್ನು ಹೆನ್ರಿ ಡ್ರೂವಲ್ ಎಂಬ ಅಮೆರಿಕದ ವಿದ್ವಾಂಸರು ಇಪ್ಪತ್ತೊಂದನೆಯ ಶತಮಾನದ ಆದಿಭಾಗದಲ್ಲಿ ಅಭ್ಯಸಿಸಿದ್ದಾರೆ. ಕವಂದಿಯ ನಾಲ್ಕು ಮೂಲೆಗಳಲ್ಲಿ ಮಡಿಸಿದ ಬಟ್ಟೆಯ ಪುಟ್ಟ ತುಂಡುಗಳನ್ನು ಇಟ್ಟು ಹೊಲಿಯುತ್ತಾರೆ. ಅವಕ್ಕೆ ‘ಫೂಲ’, ಎಂದರೆ ಹೂವು, ಎಂದು ಹೆಸರು. ಫೂಲವಿಲ್ಲದ ಕವಂದಿ ಬತ್ತಲೆಯೆಂದು ಅವರು ಹೇಳುತ್ತಾರೆ. ಹೊದಿಕೆಯನ್ನೇ ಒಂದು ಜೀವವೆಂದೆಣಿಸಿ, ಹೂವಿಲ್ಲದೆ ಅದು ಉಟ್ಟಂತಾಗಲಿಲ್ಲವೆಂದು ಹೇಳುವ ಈ ಮಾತು ಬಂಗಾಳದ ಕಮಲವನ್ನು ನೆನಪಿಗೆ ತರುತ್ತದೆ. ಎರಡು ನಾಡುಗಳ ಹೆಂಗಸರು ಒಬ್ಬರನ್ನೊಬ್ಬರು ಕಾಣದೆಯೇ, ಚಿಂದಿಯ ಕೆಲಸ ಹೂವಿನಲ್ಲಿ ಮುಗಿಯಬೇಕೆಂದು ನಿಶ್ಚಯಿಸಿದ್ದರು.

ಈ ಕಲೆಯ ಸ್ಥಿತಿಯಲ್ಲಿ ಇಪ್ಪತ್ತನೆಯ ಶತಮಾನದ ಉತ್ತರಾರ್ಧದಿಂದ ಈಚೆಗೆ ದೊಡ್ಡ ವ್ಯತ್ಯಾಸವಾಗಿದೆ. ಶಾಂತಿನಿಕೇತನದ ಸುತ್ತಿನಲ್ಲಿಯೂ, ೧೯೭೧ರಲ್ಲಿ ಸ್ವತಂತ್ರವಾದ ಬಾಂಗ್ಲಾದೇಶದಲ್ಲಿಯೂ ಕಂಥೆಯ ಹೊಲಿಗೆ ಸಾವಿರಾರು ಹೆಂಗಸರಿಗೆ ಜೀವನೋಪಾಯವಾಗಿದೆ. ಯುದ್ಧದಲ್ಲಿ ಗಂಡಂದಿರನ್ನೂ ಮನೆಮಠಗಳನ್ನೂ ಕಳೆದುಕೊಂಡವರಿಗೆ ಈ ಹೊಲಿಗೆ ಆಶ್ರಯವಾದುದನ್ನು ಕಡೆಗಣಿಸಲಾಗದು. ಅದೂ ಒಂದು ಮರುಹುಟ್ಟೇ. ೨೦೦೮ರಲ್ಲಿ ಪಶ್ಚಿಮ ಬಂಗಾಳದ ನಕ್ಷೀ ಕಂಥೆಗೆ ಭೌಗೋಳಿಕ ಗುರುತಿನ ಮಾನ್ಯತೆಯೂ ದೊರೆಯಿತು. ಆದರೆ ಮಾರಾಟಕ್ಕೆ ಸಿದ್ಧವಾಗುವ ಕಂಥೆಗಳಲ್ಲಿ ಬಹುಪಾಲು ಹೊಸ ಬಟ್ಟೆಯವು, ಕೊಂಡ ದಾರದವು. ಪದ್ಮ, ವೃಕ್ಷ, ತೆನೆ ಎಲ್ಲವೂ ಮೊದಲಿನಂತೆಯೇ ಇವೆ. ಅವುಗಳ ಕೆಳಗಿದ್ದ ಸವೆದ ಸೀರೆ ಇಲ್ಲ. ಇದನ್ನು ಕೊಳ್ಳುವವರ ದೋಷವೆಂದಾಗಲಿ ಹೊಲಿಯುವವರ ದೋಷವೆಂದಾಗಲಿ ಹೇಳುವುದು ಅನ್ಯಾಯ. ಆದರೆ ಕಲೆಯ ಇತಿಹಾಸವನ್ನು ಬರೆಯುವವರೂ ಬೋಧಿಸುವವರೂ ಈ ಭೇದವನ್ನು ಗಮನದಲ್ಲಿಡಬೇಕು. ಚಿತ್ರಗಳನ್ನು ಮಾತ್ರ ಎಣಿಸಿ ಬರೆದ ಪಟ್ಟಿಯಲ್ಲಿ ಹಳೆಯ ಕಂಥೆಯೂ ಹೊಸ ಕಂಥೆಯೂ ಒಂದೇ ಆಗಿ ಕಾಣುತ್ತವೆ. ಯಾರು ಉಟ್ಟು ಬಿಟ್ಟ ಬಟ್ಟೆ, ಎಷ್ಟು ಪದರ, ಎಳೆ ಎಲ್ಲಿಯದು ಎಂಬುದನ್ನು ದಾಖಲಿಸದ ವಿವರಣೆ, ಕಾವ್ಯದ ಅಲಂಕಾರಗಳನ್ನು ಎಣಿಸಿ ಕಥೆಯನ್ನು ಬಿಟ್ಟ ವಿಮರ್ಶೆಯಂತೆ ಅಪೂರ್ಣವಾಗುತ್ತದೆ.

ಕನ್ನಡದ ದಾನಶಾಸನಗಳಲ್ಲಿ ಮತ್ತೆಮತ್ತೆ ಬರುವ ‘ಖಂಡಸ್ಫುಟಿತ ಜೀರ್ಣೋದ್ಧಾರ’ ಎಂಬ ಮಾತು ಶಾಸನಾಭ್ಯಾಸಿಗಳಿಗೆ ಚಿರಪರಿಚಿತ. ದೇವಾಲಯದಲ್ಲಿ ಒಡೆದುದು, ಬಿರಿದುದು, ಸವೆದುದು ಇವುಗಳನ್ನು ಎತ್ತಿ ನಿಲ್ಲಿಸುವುದಕ್ಕಾಗಿ ಬಿಟ್ಟ ದತ್ತಿಯನ್ನು ಅದು ಸೂಚಿಸುತ್ತದೆ. ‘ಜೀರ್ಣ’ವೆಂಬ ಒಂದೇ ಶಬ್ದದ ಮುಂದೆ ಹೀಗೆ ಎರಡು ದಾರಿಗಳು ತೆರೆಯುತ್ತವೆ. ಜೀರ್ಣವಾದುದನ್ನು ಬಿಟ್ಟು ಮುಂದೆ ಹೋಗುವುದು ಒಂದು. ಜೀರ್ಣವಾದುದನ್ನು ಉದ್ಧರಿಸುವುದು ಮತ್ತೊಂದು. ಮೊದಲನೆಯದು ಗೀತೆಯ ಉಪಮಾನದ ದಾರಿ. ಅದು ಹೊರಟುಹೋದವನ ಪರವಾದ ಸಮಾಧಾನ. ಎರಡನೆಯದು ಕಂಥೆಯ ದಾರಿ; ಅದು ಹಿಂದೆ ಉಳಿದವರ ಕೆಲಸ. ಕಲ್ಲಿನ ಗುಡಿಗೆ ಅರಸರೂ ಸಾಮಂತರೂ ಶಾಸನ ಹಾಕಿಸಿ ಮಾಡಿಸಿದ ಜೀರ್ಣೋದ್ಧಾರವನ್ನು ಬಟ್ಟೆಗೆ, ಯಾವ ದತ್ತಿಯೂ ಇಲ್ಲದೆ, ಮನೆಯ ಜಗಲಿಯಲ್ಲಿ ಕುಳಿತ ಹೆಂಗಸರು ಮಾಡಿದರು. ಅವರ ಶಾಸನ ಆ ಹೊಲಿಗೆಯ ಸಾಲುಗಳೇ.